ಹೆಸರನ್ನು ಎರಡು ಸಾಲಿಗೆ ಹರಿಯಬೇಡಿ

ಕಳೆದ ಸಂಚಿಕೆಯ ಬಹುಮಾನಿತರ ಪಟ್ಟಿ ಟೈಪ್ ಮಾಡಿದವಳು ನಾನೇ. ಅದರಲ್ಲಿ ಒಂದು ಸಾಲು ‘ಅಬ್ದುಲ್’ಗೆ ಮುಗಿದು, ಮುಂದಿನ ಸಾಲು ‘ರಹಮಾನ್’ನಿಂದ ಶುರುವಾಗಿತ್ತು. ಹನ್ನೊಂದು ಜನರ ಪಟ್ಟಿ; ಎಣಿಸಿದವರಿಗೆ ಹನ್ನೆರಡು ಸಿಕ್ಕಿತು. ಆ ಹುಡುಗ ನಕ್ಕು ಸುಮ್ಮನಾದ. ಮನೆಯಲ್ಲಿ ಅಬ್ಬಾ ಮಾತ್ರ ನಗಲಿಲ್ಲ. ‘ಅಬ್ದ್’ ಅಂದರೆ ದಾಸ, ‘ರಹಮಾನ್’ ಅಂದರೆ ಪರಮ ದಯಾಮಯ. ಬರೀ ‘ಅಬ್ದುಲ್’ ಅಂದರೆ ಯಾರ ದಾಸ ಎಂದು ಅವರು ಕೇಳಿದರು.

‘ಕಂಪ್ಯೂಟರ್ ಹಾಗೆ ಮಾಡಿತು’ ಎಂದೆ. ಅದು ಸುಳ್ಳು ನೆಪ. ಖಾಲಿ ಜಾಗ ಕಂಡಲ್ಲಿ ಸಾಲು ಮುರಿಯುವುದಷ್ಟೇ ಅದಕ್ಕೆ ಗೊತ್ತು. ವರ್ಡ್‌ನಲ್ಲಿ ಎರಡು ಪದಗಳ ನಡುವೆ ಕಂಟ್ರೋಲ್, ಶಿಫ್ಟ್ ಜೊತೆಗೆ ಸ್ಪೇಸ್ ಒತ್ತಿದ್ದರೆ ಅವು ಅಂಟಿಕೊಂಡೇ ಇರುತ್ತಿದ್ದವು. ‘ರೂ. 1,500’ರಲ್ಲಿ ‘ರೂ.’ ಮೇಲೆ, ಮೊತ್ತ ಕೆಳಗೆ ಆಗದಂತೆ ತಡೆಯುವುದೂ ಇದೇ. ‘2024-25’ಕ್ಕೆ ಸ್ಪೇಸ್ ಬದಲು ಹೈಫನ್ ಕೀಲಿ. ಕಾಮರ್ಸ್ ಓದುವ ನಮಗೆ ಇದು ದಿನವೂ ಬೇಕು, ಆದರೂ ಲ್ಯಾಬ್‌ನಲ್ಲಿ ನಾವ್ಯಾರೂ ಕೇಳಿ ಕಲಿತಿಲ್ಲ.

ನಾವು ಮಾಡುವುದೇನು? ಎಂಟರ್ ಒತ್ತುತ್ತೇವೆ. ನಮ್ಮ ಪರದೆಯಲ್ಲಿ ಚೆನ್ನಾಗಿ ಕಾಣುತ್ತದೆ. ಅದನ್ನೇ ಪತ್ರಿಕೆಯ ಕಿರಿದಾದ ಕಾಲಂಗೆ ಹಾಕಿದಾಗ ಅರ್ಧ ಸಾಲು, ಕಾಲು ಸಾಲು, ಎಲ್ಲಾ ಚೆಲ್ಲಾಪಿಲ್ಲಿ. ಹೈಫನ್ ಕಥೆಯೂ ಇಷ್ಟೇ. ಸಾಲಿನ ಕೊನೆಗೆ ಎಂದು ‘ವಿದ್ಯಾ-ರ್ಥಿನಿ’ ಎಂದು ಟೈಪ್ ಮಾಡಿದರೆ, ಕಾಲಂ ಬದಲಾದಾಗ ಆ ಗೆರೆ ಸಾಲಿನ ನಡುಮಧ್ಯೆ ಬಂದು ಕೂರುತ್ತದೆ. ಕಂಟ್ರೋಲ್ ಜೊತೆ ಹೈಫನ್ ಒತ್ತಿದರೆ ಬೇಕಾದಾಗ ಮಾತ್ರ ಕಾಣುವ ಹೈಫನ್ ಬರುತ್ತದೆ. ‘ಮಾಡಿಕೊಳ್ಳಬೇಕಾಗಿರುವುದರಿಂದ’ದಂಥ ಕನ್ನಡದ ಉದ್ದ ಪದಗಳಿಗೆ ಅದು ಬೇಕೇ ಬೇಕು. ಆದರೆ ಮುರಿಯುವುದು ಅಕ್ಷರ ಮುಗಿದಲ್ಲಿ. ಒತ್ತಕ್ಷರದ ನಡುವೆ ಅಲ್ಲ.

ಅಬ್ಬಾ ಓದುವ ಉರ್ದು ಪತ್ರಿಕೆಯಲ್ಲಿ ಸಾಲಿನ ಕೊನೆಗೆ ಹೈಫನ್ ಹಾಕಿ ಪದ ಮುರಿಯುವ ರೂಢಿಯೇ ಇಲ್ಲ. ಕೈಯಲ್ಲಿ ಬರೆಯುತ್ತಿದ್ದ ಕಾತಿಬರು ಅಕ್ಷರವನ್ನು ಒತ್ತರಿಸಿಯೋ ಎಳೆದೋ ಸಾಲು ಹೊಂದಿಸುತ್ತಿದ್ದರಂತೆ. ಅಷ್ಟು ತಾಳ್ಮೆ ನನಗಿಲ್ಲ, ಮೂರು ಕೀಲಿ ಒತ್ತುವಷ್ಟು ಇದೆ.

ಇದನ್ನು ಸಣ್ಣ ವಿಷಯ ಅನ್ನುವವರು ತಮ್ಮ ಹೆಸರು ಅರ್ಧ ಅಚ್ಚಾದ ದಿನ ಹೇಳಲಿ. ಸಂಪಾದಕ ಮಂಡಳಿಯ ಗೆಳತಿಯರೇ, ಗೆಳೆಯರೇ, ಪುಟ ಅಚ್ಚಿಗೆ ಹೋಗುವ ಮುನ್ನ ¶ ಗುಂಡಿ ಒತ್ತಿ ನೋಡಿ. ಅಂಟಿಸಿದ ಜಾಗದಲ್ಲಿ ಪುಟ್ಟ ಸೊನ್ನೆ ಕಾಣುತ್ತದೆ. ಈ ಸಲದ ಪಟ್ಟಿಯೂ ನನ್ನ ಬಳಿಯೇ ಇದೆ. ಎಲ್ಲ ಹೆಸರುಗಳಲ್ಲೂ ಸೊನ್ನೆ ಇಟ್ಟಿದ್ದೇನೆ, ದಯವಿಟ್ಟು ಯಾರೂ ಅಳಿಸಬೇಡಿ.