ಅಂಕ ಇಂದಿನ ವಾದನಕ್ಕೆ ಸಿಗಲಿ

ಕೊಯಮತ್ತೂರು, ತಿರುಪ್ಪೂರು ಸೀಮೆಯ ಗುಡಿಹಬ್ಬಗಳಲ್ಲಿ ಜಮಾಪ್ ಎಂಬ ಡೋಲು ತಂಡಗಳ ಅಬ್ಬರಕ್ಕೆ ತೀರ್ಪು ಕೊಡುವವರು ನೆರೆದ ಜನ. ಶಾಲಾ ಬ್ಯಾಂಡ್ ಸ್ಪರ್ಧೆಯಲ್ಲಾಗಲಿ, ಯುವಜನೋತ್ಸವದ ಡೊಳ್ಳು ಕುಣಿತದಲ್ಲಾಗಲಿ ಆ ಅಧಿಕಾರ ಕೆಲವೇ ತೀರ್ಪುಗಾರರ ಕೈಗೆ ಹೋಗುತ್ತದೆ. ಹೋದ ವರ್ಷ ಗೆದ್ದವರು ಯಾರೆಂದು ಅವರಿಗೆ ಬಹುಮಟ್ಟಿಗೆ ಗೊತ್ತಿರುತ್ತದೆ. ಆ ಅರಿವು ಅಂಕದೊಳಗೆ ನುಸುಳದೇ ಇರುತ್ತದೆಯೇ?

ನುಸುಳುತ್ತದೆ ಎಂದೇ ನಮ್ಮ ಅನಿಸಿಕೆ. ಹೆಸರು ಮಾಡಿದ ಫಿಗರ್ ಸ್ಕೇಟರ್‌ಗಳಿಗೆ, ಅವರನ್ನು ಬಲ್ಲ ತೀರ್ಪುಗಾರರು ಮೇಲಿನ ಸ್ಥಾನ ಕೊಡುತ್ತಾರೆಂದು 2004ರ ಅಧ್ಯಯನವೊಂದು ತೋರಿಸಿತು. ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆಯಲ್ಲಿ ಯಾರು ಯಾವ ದಿನ ನುಡಿಸಿದರು ಎಂಬುದೂ ಸ್ಥಾನದ ಮೇಲೆ ಪರಿಣಾಮ ಬೀರಿದ್ದು ಕಂಡುಬಂದಿದೆ. 1972ರಿಂದ ನಡೆಯುತ್ತಿರುವ ಅಮೆರಿಕದ ಡ್ರಮ್ ಕೋರ್ ಎಂಬ ಕವಾಯತು ವಾದ್ಯತಂಡಗಳ ಚಾಂಪಿಯನ್‌ಷಿಪ್‌ನಲ್ಲಿ ಹೆಸರು, ಸರದಿ ಎರಡೂ ಒಂದಾಗುತ್ತವೆ: ಹಿಂದಿನ ಸುತ್ತಿನಲ್ಲಿ ಮುಂದಿದ್ದವರು ಅಂತಿಮ ರಾತ್ರಿ ಕೊನೆಗೆ ಬರುತ್ತಾರೆ. ಬ್ಲೂ ಡೆವಿಲ್ಸ್ ತಂಡ ಅಲ್ಲಿ 20ಕ್ಕೂ ಹೆಚ್ಚು ಪ್ರಶಸ್ತಿ ಗೆದ್ದಿದೆ. ಆದರೆ 1940ರಲ್ಲಿ ಹುಟ್ಟಿದ ಬಾಸ್ಟನ್ ಕ್ರುಸೇಡರ್ಸ್ ತಂಡ ಮೊದಲ ಬಾರಿಗೆ ಗೆದ್ದದ್ದು 2025ರಲ್ಲಿ.

ಗೆದ್ದವರ ಪರಿಶ್ರಮವನ್ನು ನಾವು ಅಲ್ಲಗಳೆಯುತ್ತಿಲ್ಲ. ಒಳ್ಳೆಯ ಗುರು, ಒಳ್ಳೆಯ ವಾದ್ಯ, ವರ್ಷಗಳ ಅಭ್ಯಾಸ ಇರುವ ತಂಡ ಮತ್ತೆ ಗೆಲ್ಲುವುದು ಸಹಜವೇ. ಆದರೆ ಬಿಸಿಲಲ್ಲಿ ತಿಂಗಳುಗಟ್ಟಲೆ ತಾಲೀಮು ಮಾಡಿ ಮೊದಲ ಸಲ ಬಂದ ಹಳ್ಳಿ ಶಾಲೆಯ ಮಕ್ಕಳಿಗೂ ತೆರೆದ ಕಿವಿ ಸಿಗಬೇಕು. ಸರದಿಯನ್ನು ಆಯೋಜಕರು ಚೀಟಿ ಎತ್ತಿ ಗೊತ್ತುಮಾಡಲಿ. ನಿರೂಪಕರು ಹಳೆಯ ಬಹುಮಾನಗಳ ಪಟ್ಟಿ ಓದದಿರಲಿ. ತಾಳ, ಲಯಕ್ಕೆ ಅಂಕ ಕೊಡುವ ಒಬ್ಬರನ್ನಾದರೂ ಪರದೆಯ ಹಿಂದೆ ಕೂರಿಸಲಿ. ಸ್ಪರ್ಧೆ ಮುಗಿದ ದಿನವೇ ಅಂಕಪಟ್ಟಿ ಎಲ್ಲ ತಂಡಗಳ ಕೈಸೇರಲಿ.