ಗುಡಿಯ ಮುಂದಿನ ಅಂಗಡಿಬೀದಿ

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಹೋಬಳಿಯ ಕನಸವಾಡಿಯಲ್ಲಿರುವ ಚಿಕ್ಕಮಧುರೆ ಶನಿಮಹಾತ್ಮ ದೇವಾಲಯಕ್ಕೆ ಶನಿವಾರ ಬರುವ ಕುಟುಂಬವೊಂದರ ದಿನವನ್ನು ಗಡಿಯಾರ ಹಿಡಿದು ನೋಡಿದರೆ ಒಂದು ಸಂಗತಿ ಕೂಡಲೇ ಕಣ್ಣಿಗೆ ಬೀಳುತ್ತದೆ. ಸರತಿಯಲ್ಲಿ ಎಷ್ಟು ಹೊತ್ತು ಕಾದರೂ ಗರ್ಭಗುಡಿಯ ಮುಂದೆ ನಿಲ್ಲಲು ಸಿಗುವುದು ಕೆಲವೇ ಕ್ಷಣ. ದಿನದ ಉಳಿದ ಭಾಗ ಕಳೆಯುವುದು ತಿನ್ನುವುದರಲ್ಲಿ, ಕೊಳ್ಳುವುದರಲ್ಲಿ, ನೆರಳು ಹುಡುಕಿ ಬುತ್ತಿ ಬಿಚ್ಚುವುದರಲ್ಲಿ. ಮನೆಯಿಂದ ಕಟ್ಟಿ ತಂದ ಪುಳಿಯೋಗರೆ, ಮೊಸರನ್ನ ಮುಗಿದ ಮೇಲೆ ಮಕ್ಕಳು ಪೀಪಿಗೂ ಗಿರಿಗಿಟ್ಲೆಗೂ ಹಟ ಹಿಡಿಯುತ್ತಾರೆ. ಹೆಂಗಸರು ಬಳೆಯಂಗಡಿಯ ಮುಂದೆ ಕೂರುತ್ತಾರೆ. ಹೊರಡುವಾಗ ಕಡ್ಲೆಪುರಿ, ಬೆಂಡು, ಬತ್ತಾಸು, ಕಲ್ಯಾಣಸೇವೆಗಳ ಪೊಟ್ಟಣ ಚೀಲ ಸೇರುತ್ತದೆ. ಶ್ರಾವಣದ ಶನಿವಾರಗಳಲ್ಲಂತೂ ಈ ವ್ಯಾಪಾರ ಗುಡಿಯ ಜನಸಂದಣಿಗೆ ಸರಿಸಮನಾಗಿ ನಡೆಯುತ್ತದೆ.

ಕನ್ನಡದ ಜಾತ್ರಾ ಅಧ್ಯಯನಗಳಲ್ಲಿ ಈ ಅನುಪಾತ ತಲೆಕೆಳಗಾಗಿದೆ. ಸ್ಥಳಪುರಾಣಕ್ಕೆ ಒಂದು ಅಧ್ಯಾಯ, ಪೂಜಾವಿಧಿಗೆ ಒಂದು, ರಥೋತ್ಸವಕ್ಕೆ ಒಂದು. ಅಂಗಡಿಗಳಿಗೆ ಬಹಳವಾದರೆ ಒಂದು ವಾಕ್ಯ, ಅದೂ ‘ಜಾತ್ರೆಯಲ್ಲಿ ವಿವಿಧ ಬಗೆಯ ಅಂಗಡಿಗಳು ಇರುತ್ತವೆ’ ಎಂಬ ಒಣ ವಾಕ್ಯ. ಆ ‘ವಿವಿಧ’ ಎಂಬ ಪದದಲ್ಲಿ ಎಷ್ಟು ಸಂಗತಿಗಳು ಮುಚ್ಚಿಹೋಗಿವೆ ಎಂಬುದಕ್ಕೆ ಮಧುರೆಯೇ ಒಳ್ಳೆಯ ನಿದರ್ಶನ. ಶನಿವಾರ ಎಣ್ಣೆ ಕೊಳ್ಳಬಾರದು, ಕಬ್ಬಿಣ ಮನೆಗೆ ತರಬಾರದು ಎಂಬುದು ಹಳೆಯ ನಂಬಿಕೆ. ಇಂದಿಗೂ ಅದನ್ನು ಪಾಲಿಸುವ ಮನೆಗಳಿವೆ. ಆದರೆ ಶನಿವಾರವೇ, ಶನಿಯ ಸನ್ನಿಧಿಯಲ್ಲೇ, ಅದೇ ಮನೆಗಳವರು ಎಳ್ಳೆಣ್ಣೆಯ ದೀಪವನ್ನು, ಎಣ್ಣೆಯಲ್ಲಿ ನೆನೆಸಿದ ಎಳ್ಳಿನ ಗಂಟನ್ನು ಕೊಂಡು ಹಚ್ಚುತ್ತಾರೆ. ಇದನ್ನು ವಿರೋಧಾಭಾಸವೆಂದು ನಕ್ಕು ಬಿಡುವುದು ಸುಲಭ. ವಾಸ್ತವದಲ್ಲಿ ಇಲ್ಲಿ ಕೊಳ್ಳುವಿಕೆಯೇ ಎರಡು ಬಗೆಯಾಗಿ ಒಡೆದಿದೆ: ಹೊಸಿಲು ದಾಟಿ ಒಳಬರುವ ಎಣ್ಣೆ ಒಂದು, ಅಲ್ಲಿಯೇ ಉರಿದು ಮುಗಿಯುವ ಎಣ್ಣೆ ಇನ್ನೊಂದು. ಈ ಸೂಕ್ಷ್ಮ ವಿಭಜನೆಯನ್ನು ಪುರೋಹಿತರನ್ನಷ್ಟೇ ಮಾತನಾಡಿಸಿದ ಸಂಶೋಧಕ ಕಾಣಲಾರ. ಅಂಗಡಿಯ ಮುಂದೆ ಒಂದು ಗಂಟೆ ನಿಂತವನು ಕಂಡಾನು.

ತಿಂದದ್ದನ್ನೂ ಕೊಂಡದ್ದನ್ನೂ ಬರೆಯುವುದು ವಿದ್ವತ್ತಿಗೆ ತಕ್ಕುದಲ್ಲ ಎಂಬ ಸಂಕೋಚ ಹಳಗನ್ನಡಕ್ಕೆ ಇರಲಿಲ್ಲ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ಜ್ಯೋತಿಷ, ವಾಸ್ತು, ವೃಕ್ಷಾಯುರ್ವೇದಗಳ ಜೊತೆಗೇ ಪಾಕಶಾಸ್ತ್ರಕ್ಕೂ ಸ್ಥಾನವಿದೆ. ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದ, ‘ಸಮ್ಯಕ್ತ್ವ ಕೌಮುದಿ’ಯನ್ನು ಬರೆದ ಕೈಯೇ ಅಡುಗೆಯ ಹದವನ್ನೂ ಬರೆಯಿತು. ಅದೇ ಕಾಲದಲ್ಲಿ, ಸುಮಾರು 1520ರ ಹೊತ್ತಿಗೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನನ್ನು ಇತಿಹಾಸಕಾರರು ಮತ್ತೆ ಮತ್ತೆ ಉಲ್ಲೇಖಿಸುವುದೇಕೆ? ಅರಮನೆಯ ವೈಭವವನ್ನು ಹೊಗಳಿದವರು ಬೇರೆಯವರೂ ಇದ್ದಾರೆ. ಪಾಯೆಸ್ ಮಾರುಕಟ್ಟೆಯಲ್ಲಿ ನಿಂತು ಅಕ್ಕಿ, ಜೋಳ, ಹೆಸರು, ಹುರುಳಿಗಳನ್ನೂ ನಿಂಬೆ, ದಾಳಿಂಬೆ, ದ್ರಾಕ್ಷಿಗಳನ್ನೂ ಪಟ್ಟಿ ಮಾಡಿದ. ಆ ಪಟ್ಟಿಯೇ ಇಂದು ಆಕರ.

ಈ ದೃಷ್ಟಿಯಿಂದ ಜಪಾನಿನ ಉದಾಹರಣೆ ಪರಿಶೀಲನಾರ್ಹ. ಟೋಕಿಯೊದ ಅಸಾಕುಸಾದಲ್ಲಿರುವ ಸೆನ್ಸೋಜಿ ಬೌದ್ಧ ದೇವಾಲಯವನ್ನು ಮುಟ್ಟಬೇಕಾದರೆ ಸುಮಾರು 250 ಮೀಟರ್ ಉದ್ದದ ನಾಕಾಮಿಸೆ ಎಂಬ ಅಂಗಡಿಬೀದಿಯನ್ನು ಹಾಯಬೇಕು. ಅಕ್ಕಿಯ ತಿನಿಸು, ಬೀಸಣಿಗೆ, ಆಟಿಕೆಗಳನ್ನು ಕೊಳ್ಳುತ್ತ ತಿನ್ನುತ್ತ ಸಾಗುವ ಕುಟುಂಬಗಳಿಗೆ ಗುಡಿ ಎಲ್ಲಿ ಆರಂಭವಾಯಿತು, ಪೇಟೆ ಎಲ್ಲಿ ಮುಗಿಯಿತು ಎಂಬ ಚಿಂತೆಯಿಲ್ಲ. ಇದರ ಹಿಂದೆ ದೀರ್ಘ ಪರಂಪರೆಯಿದೆ. ಎದೋ ಕಾಲದಲ್ಲಿ (1603–1868) ಇಸೆಯ ದೇಗುಲಕ್ಕೆ ಹೋಗಲು ಊರಿನ ಎಲ್ಲರಿಗೂ ಹಣವೊದಗುತ್ತಿರಲಿಲ್ಲ. ಹಳ್ಳಿಯವರು ಕೂಡಿ ಚೀಟಿಯ ಹಣದಂತೆ ವಂತಿಗೆ ಸೇರಿಸಿ, ಅದೃಷ್ಟದ ಚೀಟಿ ಎತ್ತಿ, ಹೆಸರು ಬಂದವರನ್ನು ಎಲ್ಲರ ಪರವಾಗಿ ಕಳುಹಿಸುತ್ತಿದ್ದರು. ಹಾಗೆ ಹೋದವನು ಬರಿಗೈಯಲ್ಲಿ ಮರಳುವಂತಿರಲಿಲ್ಲ. ದೇಗುಲದ ರಕ್ಷಾಪತ್ರವನ್ನೂ ದಾರಿಯ ಊರುಗಳ ಸಣ್ಣಪುಟ್ಟ ವಸ್ತುಗಳನ್ನೂ ಹಣ ಕೊಟ್ಟವರಿಗೆ ತಂದು ಹಂಚಬೇಕಾಗಿತ್ತು. ಇಂದಿನ ಜಪಾನೀಯರು ಪ್ರವಾಸ ಹೋದಾಗ ಮನೆಯವರಿಗೆ, ಕಚೇರಿಯವರಿಗೆ ತಪ್ಪದೆ ತರುವ ‘ಒಮಿಯಾಗೆ’ ಎಂಬ ಉಡುಗೊರೆಯ ಪದ್ಧತಿ ಈ ಋಣದಲ್ಲಿ ಬೇರುಬಿಟ್ಟಿದೆ. ಜಿಪ್ಪೆನ್‌ಶಾ ಇಕ್ಕು 1802ರಲ್ಲಿ ಪ್ರಕಟಿಸಲಾರಂಭಿಸಿದ ‘ತೋಕೈದೋಚು ಹಿಜಾಕುರಿಗೆ’ ಎಂಬ ಹಾಸ್ಯಕೃತಿಯಲ್ಲಿ ಇಬ್ಬರು ಸ್ನೇಹಿತರು ಹೆದ್ದಾರಿಯುದ್ದಕ್ಕೂ ಊರೂರಿನ ತಿನಿಸು ತಿನ್ನುತ್ತ, ಮೋಸ ಹೋಗುತ್ತ ನಡೆಯುತ್ತಾರೆ. ಜಪಾನೀ ಸಾಹಿತ್ಯದ ಇತಿಹಾಸ ಅದನ್ನು ತಿಂಡಿಪೋತರ ಕಥೆಯೆಂದು ಪಕ್ಕಕ್ಕಿಡಲಿಲ್ಲ.

ಕರ್ನಾಟಕಕ್ಕೆ ಈ ಋಣ ಅಪರಿಚಿತವೇ? ತಿರುಪತಿಯಿಂದ ಬಂದವರು ಲಾಡನ್ನು ಪುಡಿ ಮಾಡಿಯಾದರೂ ಬೀದಿಯ ಎಲ್ಲ ಮನೆಗೂ ಮುಟ್ಟಿಸುತ್ತಾರೆ. ಕಾಶಿಗೆ ಹೋದವರು ಗಂಗೆಯನ್ನೂ ಕಾಶಿದಾರವನ್ನೂ ತಂದು, ಸಮಾರಾಧನೆ ಮಾಡಿದ ಮೇಲೆಯೇ ಯಾತ್ರೆ ಮುಗಿಯಿತೆಂದು ತಿಳಿಯುತ್ತಾರೆ. ಮಧುರೆಯ ಬತ್ತಾಸಿನ ಪೊಟ್ಟಣವೂ ಮನೆಯಲ್ಲುಳಿದ ಮುದುಕಿಯ ಪಾಲು, ದನ ಕಾಯಲು ನಿಂತವನ ಪಾಲು. ಹೋಗದವರನ್ನು ಯಾತ್ರೆಯೊಳಗೆ ಸೇರಿಸಿಕೊಳ್ಳುವ ಉಪಾಯವೇ ಕೊಳ್ಳುವಿಕೆ. ಪದ್ಧತಿ ಎರಡೂ ಕಡೆ ಒಂದೇ ಆಗಿರುವಾಗ, ಅದಕ್ಕೆ ಸಲ್ಲುವ ಮರ್ಯಾದೆ ಮಾತ್ರ ಬೇರೆಯಾಗಿದೆ.

ಈ ವ್ಯತ್ಯಾಸ ಪುಸ್ತಕಗಳಲ್ಲಷ್ಟೇ ಉಳಿದಿದ್ದರೆ ಚಿಂತೆಯಿರಲಿಲ್ಲ. 1993ರಲ್ಲಿ ಇಸೆಯ ಒಳದೇಗುಲಕ್ಕೆ ಹೋಗುವ ಬೀದಿಯ ನಡುವೆ, ಅಕಾಫುಕು ಎಂಬ ಹಳೆಯ ಸಿಹಿತಿನಿಸಿನ ಸಂಸ್ಥೆ ಎದೋ ಮತ್ತು ಮೇಜಿ ಕಾಲದ ಮಾದರಿಯ ಅಂಗಡಿಕೇರಿಯನ್ನು ಹೊಸದಾಗಿ ಕಟ್ಟಿ ನಿಲ್ಲಿಸಿತು. ಅಂಗಡಿಗಳಿಲ್ಲದೆ ಯಾತ್ರೆಯ ನೆನಪು ಪೂರ್ಣವಾಗದು ಎಂಬ ತಿಳಿವು ಅದರ ಹಿಂದಿತ್ತು. ಹಂಪಿಯಲ್ಲಿ ನಡೆದುದು ಬೇರೆ. ವಿರೂಪಾಕ್ಷ ದೇವಾಲಯದ ಮುಂದಿನ ಬೀದಿಯನ್ನು ಜನ ಕರೆಯುವುದೇ ‘ಹಂಪಿ ಬಜಾರ್’ ಎಂದು. 2011ರ ಜುಲೈಯಲ್ಲಿ ಅಲ್ಲಿನ ಸಾಲುಮಂಟಪಗಳಲ್ಲಿದ್ದ ಅಂಗಡಿಗಳನ್ನೂ ಮನೆಗಳನ್ನೂ ತೆರವುಗೊಳಿಸಲಾಯಿತು. ಪ್ರಾಚೀನ ಕಲ್ಲುಕಂಬಗಳ ನಡುವೆ ಗೋಡೆ ಎಬ್ಬಿಸಿದ್ದು ಸ್ಮಾರಕಕ್ಕೆ ಹಾನಿಯೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಜಾರಿನಿಂದ ಬಜಾರನ್ನೇ ತೆಗೆದ ಮೇಲೆ ಉಳಿದ ಖಾಲಿ ಮಂಟಪಗಳು ಯಾವ ಕಾಲದ ಹಂಪಿಯನ್ನು ತೋರಿಸುತ್ತವೆ? ಪಾಯೆಸ್ ಕಂಡ ಹಂಪಿಯನ್ನಂತೂ ಅಲ್ಲ. ಅದೇ ಗುಡಿಯ ಬೀದಿಯಲ್ಲಿ ಯಾತ್ರಿಕರು ತಂಗುವ ಮೊಗಸಾಲೆಯ ಮನೆಗಳಿದ್ದುವೆಂದು ಅವನು ಬರೆದಿದ್ದಾನೆ.

ಇತ್ತ ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಕನ್ನಡದ ಕುಟುಂಬಗಳು ನೇರವಾಗಿ ಟೋಕಿಯೊಗೆ ಹೋಗಿಬರುತ್ತಿವೆ. ಅವರು ಬರೆಯುವ ಟಿಪ್ಪಣಿಗಳಲ್ಲಿ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಂಜೆಯ ಅಂಗಡಿ ಸುತ್ತಾಟ ಇವೇ ಹೆಚ್ಚು. ‘ತಿಂದದ್ದು, ಕೊಂಡದ್ದು, ಇದೂ ಒಂದು ಪ್ರವಾಸ ಕಥನವೇ’ ಎಂಬ ಗೇಲಿ ವಿದ್ವತ್ ವಲಯದಲ್ಲಿ ಕೇಳಿಬರುತ್ತದೆ. ಫ್ಯೂಜಿ ಪರ್ವತದ ವರ್ಣನೆ ಯಾರು ಬರೆದರೂ ಬಹುಮಟ್ಟಿಗೆ ಒಂದೇ. ಸಸ್ಯಾಹಾರದ ಮನೆಯವರು ಮೀನಿನ ಸಾರಿಲ್ಲದ ಒಂದು ಬಟ್ಟಲು ನೂಡಲ್ಸಿಗಾಗಿ ಎಷ್ಟು ಅಂಗಡಿ ಅಲೆದರು, ಅಂಗಡಿಯವನಿಗೆ ಅದನ್ನು ಹೇಗೆ ತಿಳಿಸಿದರು, ಎಷ್ಟು ಯೆನ್ ತೆತ್ತರು, ಅತ್ತೆಮನೆಗೆಂದು ಏನನ್ನು ಆರಿಸಿದರು ಎಂಬುದು ಮಾತ್ರ ಆಯಾ ಮನೆಯದೇ. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಅಮೆರಿಕಾದಲ್ಲಿ ಗೊರೂರು’ ಕೂಡ ಸಂಸಾರಸ್ಥನೊಬ್ಬ ಕಂಡ ಪರದೇಶವೇ ಎಂಬುದನ್ನು ಗೇಲಿ ಮಾಡುವವರು ಮರೆಯುತ್ತಾರೆ. ಇಂದಿನ ಟಿಪ್ಪಣಿಗಳ ದೋಷ ವಿಷಯದಲ್ಲಿಲ್ಲ, ಅಸ್ಪಷ್ಟತೆಯಲ್ಲಿದೆ: ‘ರುಚಿಯಾಗಿತ್ತು’, ‘ದುಬಾರಿಯಾಗಿತ್ತು’ ಎಂದು ಅವು ಮುಂದೆ ಹೋಗುತ್ತವೆ. ಪಾಯೆಸ್ ಹಾಗೆ ಮುಂದೆ ಹೋಗಲಿಲ್ಲ.

ಮಧುರೆಯ ಮಟ್ಟಿಗೆ ಈ ಕೆಲಸವನ್ನು ತಡಮಾಡುವಂತಿಲ್ಲ. ಬೆಂಗಳೂರು ಆ ದಿಕ್ಕಿಗೆ ಬೆಳೆಯುತ್ತಿದೆ. ಮಣ್ಣಿನ, ಮರದ ಆಟಿಕೆಗಳ ಜಾಗವನ್ನು ಪ್ಲಾಸ್ಟಿಕ್ ಆಕ್ರಮಿಸಿದೆ. ಬೆಂಡನ್ನು ಈಗಲೂ ಹುಯ್ಯುವವರು ಎಲ್ಲಿಯವರು, ಅವರ ಮಕ್ಕಳು ಆ ಕಸುಬಿನಲ್ಲಿ ಇದ್ದಾರೆಯೇ ಎಂದು ಕೇಳಿದವರು ವಿರಳ. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ಶ್ರಾವಣದ ನಾಲ್ಕು ಶನಿವಾರ ಎಳ್ಳುದೀಪ ಮಾರುವವರ ಪಕ್ಕದಲ್ಲಿ ಕುಳಿತರೆ ಸಾಕು. ಎಣ್ಣೆ ಎಲ್ಲಿಂದ ಬರುತ್ತದೆ, ಹಣತೆ ಯಾರು ಮಾಡುತ್ತಾರೆ, ಗಂಟಿನ ಬಟ್ಟೆ ಯಾವುದು, ಒಂದು ದೀಪಕ್ಕೆ ಎಷ್ಟು ಉಳಿಯುತ್ತದೆ ಎಂದು ಮೊದಲು ಬರೆದುಕೊಳ್ಳಲಿ. ಅನಂತರ ಇನ್ನೊಂದು ಪ್ರಶ್ನೆ ಕೇಳಲಿ: ದಿನವಿಡೀ ಎಣ್ಣೆ ಮಾರಿದವರು ಆ ಸಂಜೆ, ಶನಿವಾರದ ಸಂಜೆ, ಮಾರದೆ ಉಳಿದ ಎಣ್ಣೆಯನ್ನು ತಮ್ಮ ಮನೆಗೆ ಒಯ್ಯುತ್ತಾರೆಯೇ?