ಪ್ರವಾಸಕ್ಕೆ ಮುನ್ನ ಕ್ಯಾಮೆರಾದ ಯೋಗಕ್ಷೇಮ

ಶಾಲಾ ಪ್ರವಾಸದ ದಿನಗಳು ಬಂದವು. ಫೋನ್ ತರಬೇಡಿ ಎಂದು ಮೇಷ್ಟ್ರು ಹೇಳಿದರೆ, ಬೀರುವಿನಲ್ಲಿ ಹದಿನೈದು ಇಪ್ಪತ್ತು ವರ್ಷಗಳಿಂದ ಮಲಗಿರುವ ಅಜ್ಜನ ಪುಟ್ಟ ಡಿಜಿಟಲ್ ಕ್ಯಾಮೆರಾ ನೆನಪಾಗುತ್ತದೆ. ಅಂಥ ಕ್ಯಾಮೆರಾ ಇಂದಿಗೂ ಒಳ್ಳೆಯ ಚಿತ್ರ ಕೊಡಬಲ್ಲದು. ಆದರೆ ಹಳೇಬೀಡಿನಲ್ಲಿ ಬಸ್ಸಿಳಿದ ಮೇಲೆ ‘ಆನ್ ಆಗ್ತಾ ಇಲ್ಲ’, ‘ಕಾರ್ಡ್ ತುಂಬಿದೆ’ ಎಂದು ಪರದಾಡಿದರೆ ಏನು ಪ್ರಯೋಜನ? ಇಂಥ ತೊಂದರೆಗಳಲ್ಲಿ ಹೆಚ್ಚಿನವನ್ನು ಹೊರಡುವ ಎರಡು ದಿನ ಮೊದಲೇ ಮನೆಯಲ್ಲಿ ತಪ್ಪಿಸಬಹುದು. ಅಜ್ಜ, ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕುಳಿತು ಮಾಡುವ ಕೆಲಸವಿದು.

ಮೊದಲು ಕಾರ್ಡ್

ಕ್ಯಾಮೆರಾದೊಳಗೆ ಅಂಚೆಚೀಟಿಯಷ್ಟು ಅಗಲದ ಮೆಮೊರಿ ಕಾರ್ಡ್ ಇರುತ್ತದೆ. ಜಾಗ ಬೇಕೆಂದು ಅದನ್ನು ಅವಸರದಲ್ಲಿ ಖಾಲಿ ಮಾಡಬೇಡಿ. ಅದರಲ್ಲಿರುವ ಚಿತ್ರಗಳನ್ನು ಒಂದೊಂದಾಗಿ ನೋಡಿ. ಈಗ ಇಲ್ಲದ ಮುತ್ತಜ್ಜಿ ಜಗಲಿಯ ಮೇಲೆ ಕುಳಿತು ನಗುತ್ತಿರುವ ಚಿತ್ರ ಬೇರೆಲ್ಲೂ ಇಲ್ಲದೆ ಅದೊಂದರಲ್ಲೇ ಉಳಿದಿರಬಹುದು. ಎಲ್ಲವನ್ನೂ ಕಂಪ್ಯೂಟರಿಗೂ ಒಂದು ಪೆನ್‌ಡ್ರೈವಿಗೂ ನಕಲು ಮಾಡಿ. ನಕಲಿನ ಚಿತ್ರಗಳು ಸರಿಯಾಗಿ ತೆರೆದುಕೊಳ್ಳುತ್ತವೆ ಎಂದು ಖಾತ್ರಿಯಾದ ಮೇಲೆಯೇ ಕ್ಯಾಮೆರಾದ ಮೆನುವಿನಲ್ಲಿರುವ ‘ಫಾರ್ಮ್ಯಾಟ್’ ಒತ್ತಿ.

ಹೊಸ ಕಾರ್ಡ್ ಕೊಳ್ಳುವುದಾದರೆ ಕ್ಯಾಮೆರಾವನ್ನೂ ಅಂಗಡಿಗೆ ಒಯ್ಯಿರಿ. ಮೊದಲ ಮಾದರಿಯ ಎಸ್‌ಡಿ ಕಾರ್ಡುಗಳು 2 ಜಿಬಿವರೆಗಿನವು. 2006ರಲ್ಲಿ 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಮಾದರಿ ಬಂತು. ನೋಡಲು ಎರಡೂ ಒಂದೇ ಥರ ಇದ್ದರೂ ಹಳೆಯ ಕ್ಯಾಮೆರಾ ಹೊಸ ಮಾದರಿಯನ್ನು ಓದದೇ ಹೋಗಬಹುದು. ಕಾರ್ಡಿನ ಪಕ್ಕದಲ್ಲೊಂದು ಪುಟ್ಟ ಗುಂಡಿ ಇದೆ. ಅದು ‘ಲಾಕ್’ ಕಡೆಗೆ ಸರಿದಿದ್ದರೆ ಚಿತ್ರ ದಾಖಲಾಗುವುದಿಲ್ಲ. ಕಾರ್ಡ್ ಕೆಟ್ಟಿತೆಂದು ಎಸೆಯುವ ಮೊದಲು ಆ ಗುಂಡಿ ನೋಡಿ.

ಬ್ಯಾಟರಿಯ ಪರೀಕ್ಷೆ

ಬಹಳ ಕಾಲ ಸುಮ್ಮನಿದ್ದ ಬ್ಯಾಟರಿ ಪೂರ್ತಿ ಚಾರ್ಜ್ ಆದಂತೆ ತೋರಿಸಿ ಹತ್ತೇ ಚಿತ್ರಕ್ಕೆ ಸೋಲುವುದುಂಟು. ಆದ್ದರಿಂದ ಚಾರ್ಜ್ ಮಾಡಿ, ಮನೆಯಲ್ಲೇ ನಲವತ್ತು ಐವತ್ತು ಚಿತ್ರ ತೆಗೆದು ನೋಡಿ. ಬ್ಯಾಟರಿ ಉಬ್ಬಿದ್ದರೆ ಅದನ್ನು ಚಾರ್ಜಿಗೆ ಹಾಕಲೇಬೇಡಿ, ಬೆಂಕಿ ಹತ್ತುವ ಅಪಾಯವಿದೆ. ಕಸದ ಬುಟ್ಟಿಗೂ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಪೆನ್ಸಿಲ್ ಸೆಲ್ ಹಾಕುವ ಕ್ಯಾಮೆರಾ ಆದರೆ ಹಳೆಯ ಸೆಲ್ಲಿನ ಜೊತೆ ಹೊಸದನ್ನು ಬೆರೆಸಬಾರದು.

ಬೆಟ್ಟದ ಮೇಲಿನ ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಬೆಳಗಿನ ಜಾವ ಹೋದರೆ ಇನ್ನೊಂದು ಬ್ಯಾಟರಿಯನ್ನು ಸ್ವೆಟರಿನ ಒಳಜೇಬಿನಲ್ಲಿ ಬೆಚ್ಚಗಿಟ್ಟುಕೊಳ್ಳಿ. ತೆಗೆದ ಚಿತ್ರಗಳನ್ನು ಪದೇ ಪದೇ ಪರದೆಯ ಮೇಲೆ ನೋಡುವುದನ್ನು ಊರಿಗೆ ಬಂದ ಮೇಲೆ ಇಟ್ಟುಕೊಂಡರೆ ಚಾರ್ಜ್ ಉಳಿಯುತ್ತದೆ. ತಾರೀಖನ್ನೂ ಸರಿಪಡಿಸಿ. ಬ್ಯಾಟರಿ ಸತ್ತಿದ್ದಾಗ ಕ್ಯಾಮೆರಾದ ಗಡಿಯಾರವೂ ನಿಂತಿರುತ್ತದೆ.

ಕತ್ತಲ ಗುಡಿಯಲ್ಲಿ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಒಳಗೆ ಬೆಳಕು ಕಡಿಮೆ. ಬೆಳಕು ಕಡಿಮೆಯಾದಷ್ಟೂ ಕ್ಯಾಮೆರಾ ತನ್ನ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡಬೇಕು. ಆ ಹೊತ್ತಿನಲ್ಲಿ ಕೈ ಅಲುಗಿದರೆ ಚಿತ್ರ ಮಸುಕು. ಗೋಡೆಗೆ ಬೆನ್ನು ಆನಿಸಿ, ಮೊಣಕೈಗಳನ್ನು ಎದೆಗೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ಗುಂಡಿ ಒತ್ತಿ. ಮೊದಲು ಗುಂಡಿಯನ್ನು ಅರ್ಧ ಮಾತ್ರ ಒತ್ತಬೇಕು. ಪರದೆಯ ಚೌಕ ಹಸಿರಾದರೆ ಫೋಕಸ್ ಸರಿಯಾಯಿತು ಎಂದು ಅರ್ಥ, ಆಮೇಲೆ ಪೂರ್ತಿ ಒತ್ತಿ. ಪುಟ್ಟ ಕ್ಯಾಮೆರಾದ ಫ್ಲ್ಯಾಶ್ ಬೆಳಕು ಮೂರು ನಾಲ್ಕು ಮೀಟರ್ ದಾಟುವುದು ಕಷ್ಟ. ದೂರದ ವಸ್ತುವಿಗೆ ಅದನ್ನು ಹಾಕಿದರೆ ಬ್ಯಾಟರಿಗಷ್ಟೇ ನಷ್ಟ.

ಕಡಲ ತೀರದಲ್ಲಿ

ಅಲ್ಲಿಂದ ಎ.ಸಿ. ಬಸ್ಸಿನಲ್ಲಿ ಮುರ್ಡೇಶ್ವರಕ್ಕೆ ಬಂದಿರಿ ಎನ್ನಿ. ಇಳಿದ ಕೂಡಲೇ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವುದನ್ನು ನೀವು ಕಂಡಿದ್ದೀರಲ್ಲ, ಇದೂ ಅದೇ. ಗಾಳಿಯ ತೇವ ತಣ್ಣನೆಯ ಗಾಜಿನ ಮೇಲೆ ಹನಿಗಟ್ಟುತ್ತದೆ. ಬಸ್ಸಿನಲ್ಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಬಿಗಿದುಬಿಡಿ. ಇಳಿದ ಮೇಲೆ ಅರ್ಧ ಗಂಟೆ ತೆರೆಯಬೇಡಿ. ಹನಿ ಚೀಲದ ಹೊರಗೆ ಕೂರುತ್ತದೆ, ಲೆನ್ಸ್ ಒಣಗಿರುತ್ತದೆ.

ಇನ್ನು ಮರಳು. ಲೆನ್ಸಿನ ಮೇಲೆ ಮರಳು ಕಂಡರೆ ಕರವಸ್ತ್ರದಿಂದಲೋ ಸೆರಗಿನಿಂದಲೋ ಒರೆಸಬೇಡಿ, ಗಾಜಿನ ಮೇಲೆ ಗೀರು ಬೀಳುತ್ತದೆ. ರಬ್ಬರ್ ಬುರುಡೆಯ ಬ್ಲೋವರಿನಿಂದ ಊದಿ, ಆಮೇಲೆ ಮೆತ್ತನೆಯ ಬಟ್ಟೆಯಲ್ಲಿ ಹಗುರವಾಗಿ ಒರೆಸಿ. ಕ್ಯಾಮೆರಾದ ಪಟ್ಟಿ ಯಾವಾಗಲೂ ಮಣಿಕಟ್ಟಿನಲ್ಲಿರಲಿ. ನೀರು ಬಿದ್ದರೆ ತಕ್ಷಣ ಆಫ್ ಮಾಡಿ, ಬ್ಯಾಟರಿ ಮತ್ತು ಕಾರ್ಡ್ ತೆಗೆದು, ಒಣಬಟ್ಟೆಯಿಂದ ಒರೆಸಿ ನೆರಳಿನ ಗಾಳಿಗೆ ಇಡಿ. ಒಂದೆರಡು ದಿನ ‘ಆನ್ ಆಗುತ್ತಾ’ ಎಂದು ಒತ್ತಿ ನೋಡುವ ಆಸೆ ತಡೆದುಕೊಳ್ಳಿ. ಅಕ್ಕಿ ಡಬ್ಬಿಯಲ್ಲಿ ಹೂಳುವುದೂ ಬೇಡ, ಅಕ್ಕಿಯ ಹುಡಿ ಸಂದಿಗಳಿಗೆ ಸೇರುತ್ತದೆ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಎಲ್ಲರೂ ಚಿತ್ರದಲ್ಲಿ ಬರಲಿ ಎಂದು ಪರದೆ ನೋಡುತ್ತಾ ಹಿಂದೆ ಹಿಂದೆ ಹೆಜ್ಜೆ ಇಡಬಾರದು. ಜೋಗದಲ್ಲಾಗಲಿ ಕಡಲ ಬಂಡೆಗಳ ಮೇಲಾಗಲಿ, ಮೊದಲು ನಿಂತ ನೆಲ ನೋಡಿ, ಆಮೇಲೆ ಪರದೆ ನೋಡಿ.

ಚಿತ್ರ ಅಳಿಸಿಹೋದರೆ

ಕೈತಪ್ಪಿ ಚಿತ್ರಗಳು ಅಳಿಸಿಹೋದರೆ ಅಳಬೇಡಿ. ಪುಸ್ತಕದ ಪರಿವಿಡಿಯಿಂದ ಪಾಠದ ಹೆಸರು ಹೊಡೆದುಹಾಕಿದರೂ ಪಾಠ ಒಳಗೇ ಇರುತ್ತದಲ್ಲ, ಕಾರ್ಡಿನಲ್ಲೂ ಸಾಮಾನ್ಯವಾಗಿ ಹಾಗೆಯೇ. ಅದರ ಮೇಲೆ ಹೊಸ ಚಿತ್ರ ಬರೆದಾಗ ಮಾತ್ರ ಹಳೆಯದು ಹೋಗುತ್ತದೆ. ಕೂಡಲೇ ಆ ಕಾರ್ಡ್ ಬಳಸುವುದನ್ನು ನಿಲ್ಲಿಸಿ ತೆಗೆದಿಡಿ. ಬಲ್ಲವರು ಕಂಪ್ಯೂಟರಿನಲ್ಲಿ ಅದನ್ನು ಮರಳಿ ಪಡೆಯುವ ಸಾಧ್ಯತೆ ಉಂಟು. ಕ್ಯಾಮೆರಾದ ದೀಪ ಮಿನುಗುತ್ತಿರುವಾಗ ಕಾರ್ಡ್ ಎಳೆಯಬಾರದು ಎಂಬುದೂ ನೆನಪಿರಲಿ.

ಅಜ್ಜ ಅಜ್ಜಿಯರೇ, ಮೊಮ್ಮಗು ಹೊರಡುವ ಹಿಂದಿನ ರಾತ್ರಿ ಒಂದು ಚೀಟಿ ಬರೆದು ಚೀಲದಲ್ಲಿಡಿ: ಚಾರ್ಜ್ ಆದ ಬ್ಯಾಟರಿ ಎರಡು, ಖಾಲಿ ಕಾರ್ಡ್ ಒಂದು, ಪ್ಲಾಸ್ಟಿಕ್ ಚೀಲ, ಮೆತ್ತನೆಯ ಬಟ್ಟೆ. ಮಕ್ಕಳೇ, ನೀವು ಮರಳಿ ಬಂದ ದಿನವೇ ಚಿತ್ರಗಳನ್ನು ಎರಡು ಕಡೆ ನಕಲು ಮಾಡಿ, ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ. ಮರೆಯದೆ ಅಜ್ಜಿಯದೂ ಒಂದು ಚಿತ್ರ ತೆಗೆಯಿರಿ.